ಒಂದು ಹಿಡಿ ಮಂಡಕ್ಕಿಯ ಸದ್ದು

೨೦೪೧ನೇ ಇಸವಿ ಮಾರ್ಚ್ ೧೪, ಗುರುವಾರ, ಬೆಳಿಗ್ಗೆ ೧೧ ಗಂಟೆ ೨೦ ನಿಮಿಷ. ತುಮಕೂರಿನಾಚೆಯ ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ಅಫ್ರೀನ್ ಒಂದು ಸ್ಪ್ರಿಂಗ್ ಕುರ್ಚಿಯನ್ನು ತಬ್ಬಿಕೊಂಡು, ಮೊಣಕಾಲು ಮಡಚಿ, ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಳು. ನೆಲದಿಂದ ನಾನೂರು ಕಿಲೋಮೀಟರ್ ಎತ್ತರದ ಬಾಹ್ಯಾಕಾಶ ನಿಲ್ದಾಣದಲ್ಲಿ ತಕ್ಕಡಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಎಲ್ಲರೂ ತೇಲುವವರೇ. ಆದರೆ ದೇಹದಲ್ಲಿರುವ ದ್ರವ್ಯ ಎಲ್ಲಿಗೂ ಹೋಗಿರುವುದಿಲ್ಲ. ಅದು ಹೆಚ್ಚಿದ್ದರೆ ಸ್ಪ್ರಿಂಗ್ ನಿಧಾನವಾಗಿ ತೂಗುತ್ತದೆ, ಕಡಿಮೆಯಿದ್ದರೆ ಬೇಗಬೇಗ. ಮೂರು ಸಲ ತೂಗಿ, ಸರಾಸರಿ ತೆಗೆದು, ಯಂತ್ರ ಅಂಕಿ ತೋರಿಸಿತು: ೫೩.೧ ಕಿಲೋಗ್ರಾಂ.

ಹೊರಡುವ ದಿನ ಅವಳು ೫೮.೪ ಇದ್ದಳು. ಈ ಗುರುವಾರ ಅವಳ ನಿಲ್ದಾಣವಾಸದ ನೂರ ಹದಿನೆಂಟನೇ ದಿನ. ಒಬ್ಬರೇ ವ್ಯಕ್ತಿ ಎಡೆಬಿಡದೆ ಮುನ್ನೂರು ದಿನ ಅಲ್ಲಿದ್ದರೆ ಮೂಳೆಗೆ, ರಕ್ತಕ್ಕೆ, ಕಣ್ಣಿಗೆ ಏನಾಗುತ್ತದೆ ಎಂದು ತಿಳಿಯುವುದು ಯೋಜನೆಯ ಉದ್ದೇಶ. ನಡುವೆ ನಿಂತರೆ ಅಲ್ಲಿಯವರೆಗಿನ ಅಳತೆಗಳು ಅರ್ಧ ನೇಯ್ದ ಬಟ್ಟೆಯಂತೆ. ನಿಯಮ ಸರಳವಾಗಿತ್ತು: ಏಪ್ರಿಲ್ ೨೫ರ ತೂಗುವಿಕೆಯಲ್ಲಿ ೫೨ಕ್ಕಿಂತ ಕಡಿಮೆ ಬಂದರೆ ತಿಂಗಳ ಕೊನೆಯ ನೌಕೆಯಲ್ಲಿ ಅವಳನ್ನು ಇಳಿಸಿಕೊಳ್ಳುವುದು. ಅರ್ಧಕ್ಕೆ ಇಳಿದವರನ್ನು ಮತ್ತೆ ಕಳಿಸಿದ ಉದಾಹರಣೆ ಇರಲಿಲ್ಲ. ಅವಳಿಗೆ ಮೂವತ್ತೇಳು ವರ್ಷ.

ಗಗನಯಾತ್ರಿಗಳ ವೈದ್ಯ ಡಾ. ಬೋಪಯ್ಯ ಆ ದಿನ ನನ್ನನ್ನು ಕರೆಸಿದ್ದರು. ನಾನು ಅದೇ ಆವರಣದ ಆಹಾರ ಪ್ರಯೋಗಾಲಯದಲ್ಲಿ ಆಹಾರದ ರಚನೆಯನ್ನು ಅಭ್ಯಾಸ ಮಾಡುವವಳು. ಏನು ಹಿಟ್ಟು, ಏನು ಪಾಕ ಎನ್ನುವುದಕ್ಕಿಂತ ಅದು ಹೇಗೆ ಮುರಿಯುತ್ತದೆ, ಹೇಗೆ ಕರಗುತ್ತದೆ ಎನ್ನುವುದು ನನ್ನ ಕೆಲಸ. ಬೋಪಯ್ಯ ಎಲ್ಲ ಪರೀಕ್ಷೆ ಮಾಡಿಸಿದ್ದರು. ಹೊಟ್ಟೆಯಲ್ಲಿ ದೋಷವಿಲ್ಲ, ಹಾರ್ಮೋನುಗಳು ಸರಿಯಿವೆ, ಮನಸ್ಸು ಗಟ್ಟಿಯಾಗಿದೆ. ಹಸಿವೂ ಆಗುತ್ತದೆ. ತಿನ್ನಲು ಕೂತರೆ ನಾಲ್ಕು ತುತ್ತಿಗೆ ಸಾಕೆನಿಸುತ್ತದೆ.

ನಾನು ಅಫ್ರೀನ್‌ಗೆ ಕೇಳಿದ್ದು ಒಂದೇ ಪ್ರಶ್ನೆ. ಯಾವುದು ಸಿಕ್ಕಿದರೆ ತಿನ್ನಬೇಕೆನಿಸುತ್ತದೆ?

"ಒಂದು ಹಿಡಿ ಮಂಡಕ್ಕಿ, ಮೇಡಂ," ಎಂದಳು. "ಇಲ್ಲಿ ಎಲ್ಲಾ ಮೆತ್ತಗೈತ್ರಿ. ನನ್ ಹಲ್ಲಿಗೆ ನಾಕು ತಿಂಗಳಿಂದ ರಜಾ."

ಕೊಠಡಿಯಲ್ಲಿದ್ದವರು ನಕ್ಕರು. ನಗಲು ಕಾರಣವಿತ್ತು. ನಿಲ್ದಾಣದಲ್ಲಿ ಮೊದಲು ನಿಷೇಧವಾದ ತಿನಿಸುಗಳೆಂದರೆ ಮುರಿದರೆ ಪುಡಿಯಾಗುವಂಥವು. ಅಲ್ಲಿ ಪುಡಿ ಕೆಳಗೆ ಬೀಳುವುದಿಲ್ಲ. ತೇಲಿ ಕಣ್ಣಿಗೆ, ಮೂಗಿಗೆ, ಗಾಳಿ ಶೋಧಿಸುವ ಜಾಲರಿಗೆ ಹೋಗುತ್ತದೆ. ಹಾಗಾಗಿ ಅವರ ಊಟವೆಲ್ಲ ಮೆತ್ತಗೆ, ಒದ್ದೆ, ಅಂಟು. ಅದರ ಮೇಲೆ ಇನ್ನೆರಡು ತೊಂದರೆ. ತೂಕವಿಲ್ಲದ ಸ್ಥಿತಿಯಲ್ಲಿ ದೇಹದ ದ್ರವ ತಲೆಗೆ ಏರಿ ಮೂಗು ಸದಾ ಕಟ್ಟಿಕೊಂಡಿರುತ್ತದೆ, ಪರಿಮಳ ಅರ್ಧ ಸಾಯುತ್ತದೆ. ಹಗಲಿರುಳು ತಿರುಗುವ ಫ್ಯಾನುಗಳ ಸದ್ದು ಅರವತ್ತು ಡೆಸಿಬೆಲ್ ದಾಟುತ್ತದೆ; ಅಷ್ಟು ಗದ್ದಲದಲ್ಲಿ ಸಿಹಿ ಕೂಡ ಮಂಕಾಗುತ್ತದೆ. ನಾವು ಅವಳಿಗೆ ಪೌಷ್ಟಿಕಾಂಶ ಒಂದೂ ಕಡಿಮೆ ಮಾಡಿರಲಿಲ್ಲ. ಸುಖವನ್ನಷ್ಟೇ ಕಳಿಸಲು ಮರೆತಿದ್ದೆವು.

ರುಚಿ ಎಂದು ನಾವು ಕರೆಯುವುದರಲ್ಲಿ ನಾಲಿಗೆಯ ಪಾಲು ನಾವು ತಿಳಿದಷ್ಟು ದೊಡ್ಡದಲ್ಲ. ಒಂದೇ ಹಪ್ಪಳದ ಎರಡು ತುಂಡು ತೆಗೆದುಕೊಳ್ಳಿ. ಒಂದು ಈಗ ಕರಿದದ್ದು, ಇನ್ನೊಂದು ಮಳೆಗಾಲದ ಗಾಳಿಗೆ ಒಂದು ಗಂಟೆ ತೆರೆದಿಟ್ಟದ್ದು. ಉದ್ದು, ಉಪ್ಪು, ಎಣ್ಣೆ, ಇಂಗು ಎರಡರಲ್ಲೂ ಅಷ್ಟಷ್ಟೇ. ಆದರೂ ಎರಡನೆಯದನ್ನು ಯಾರೂ ಮುಟ್ಟುವುದಿಲ್ಲ. ವ್ಯತ್ಯಾಸ ಹಲ್ಲಿಗೆ ತಿಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ಕಿವಿಗೆ.

ಮಂಡಕ್ಕಿಯ ಒಂದು ಕಾಳು ನೂರಾರು ಸಣ್ಣ ಗಾಳಿಕೋಣೆಗಳ ಮನೆ. ಹಲ್ಲು ಒತ್ತಿದಾಗ ತೆಳುಗೋಡೆಗಳು ಒಂದಾದ ಮೇಲೊಂದು, ಸೆಕೆಂಡಿನ ಸಾವಿರದ ಕೆಲವು ಭಾಗಗಳಲ್ಲಿ, ಒಡೆಯುತ್ತವೆ. ಒಂದೊಂದು ಒಡೆತವೂ ಒಂದು ಪುಟ್ಟ ಸಿಡಿತ. ಅದರ ದಪ್ಪ ಸದ್ದು ದವಡೆಯ ಮೂಳೆಯ ಮೂಲಕವೂ ಸಣ್ಣ ಸದ್ದು ಗಾಳಿಯ ಮೂಲಕವೂ ಕಿವಿ ಸೇರುತ್ತದೆ. ಮಿದುಳು ಎರಡನ್ನೂ ಕೂಡಿಸಿ, ಹಲ್ಲಿನ ಬೇರಿನಿಂದ ಬಂದ ಒತ್ತಡದ ಸುದ್ದಿಯೊಂದಿಗೆ ಹೊಲಿದು, 'ಗರಿಗರಿ' ಎಂಬ ಒಂದೇ ಅನುಭವ ಮಾಡಿ ನಮ್ಮ ಮುಂದಿಡುತ್ತದೆ. ಹೊಲಿಗೆ ಎಲ್ಲಿಯೂ ಕಾಣುವುದಿಲ್ಲ. ಇಪ್ಪತ್ತು ವರ್ಷದಿಂದ ನಾನು ಇದನ್ನು ಅಳೆಯುತ್ತಿದ್ದೇನೆ. ಇಂದಿಗೂ ಒಂದು ಚಕ್ಕುಲಿ ಕಡಿದಾಗ ಈ ಕೌಶಲಕ್ಕೆ ಬೆರಗಾಗುತ್ತೇನೆ.

ಮಿದುಳಿಗೆ ಇದು ಏಕೆ ಇಷ್ಟ? ನಮ್ಮ ಪೂರ್ವಜರಿಗೆ ಟಕ್ ಎಂದು ಮುರಿಯುವ ಕಾಯಿ ಎಂದರೆ ತಾಜಾ ಕಾಯಿ, ಮುರಿಯದೆ ಬಾಗಿದ್ದು ಬಾಡಿದ್ದು, ಕೊಳೆತದ್ದು. ಸದ್ದು ಹೊಟ್ಟೆಗೆ ಮೊದಲೇ ಬರುವ ಸಮಾಚಾರ. ಇನ್ನೊಂದು ಕಾರಣವೂ ಇರಬೇಕು. ಮೆತ್ತನೆಯ ತಿನಿಸಿನಲ್ಲಿ ಮೂರನೇ ತುತ್ತು ಎರಡನೆಯದರಂತೆಯೇ ಇರುತ್ತದೆ, ಮಿದುಳು ಬೇಗ ಅದರಿಂದ ಗಮನ ಕೀಳುತ್ತದೆ. ಗರಿಗರಿ ತಿನಿಸು ಪ್ರತಿ ಕಡಿತಕ್ಕೂ ಬೇರೆ ಬೇರೆ ರೀತಿ ಮುರಿದು ಅದನ್ನು ಎಚ್ಚರವಾಗಿಡುತ್ತದೆ.

ಹಾಗಾದರೆ ಮಂಡಕ್ಕಿ ಕಳಿಸಲಾಗದಿದ್ದರೂ ಅದರ ಸದ್ದನ್ನು ಕಳಿಸಿದರೆ? ಹೊಸ ಸಲಕರಣೆ ಬೇಕಿರಲಿಲ್ಲ. ಫ್ಯಾನುಗಳ ಗದ್ದಲದಲ್ಲಿ ಮಾತು ಕೇಳಲೆಂದು ಯಾತ್ರಿಗಳು ಕಿವಿಯ ಹಿಂದಿನ ಮೂಳೆಗೆ ತಾಗುವ ಪಟ್ಟಿ ಕಟ್ಟಿಕೊಂಡೇ ಇರುತ್ತಾರೆ. ನಿದ್ರೆಯಲ್ಲಿ ಹಲ್ಲು ಕಡಿಯುತ್ತಾರೆಯೇ ಎಂದು ನೋಡಲು ದವಡೆಯ ಸ್ನಾಯುವಿಗೆ ಅಂಟಿಸುವ ಬಿಲ್ಲೆಗಳೂ ಅಲ್ಲಿದ್ದವು. ಬಿಲ್ಲೆ ಕಡಿತವನ್ನು ಗ್ರಹಿಸಬೇಕು, ಪಟ್ಟಿ ಆ ಕ್ಷಣವೇ ಮೂಳೆಗೆ ಸದ್ದು ಕೊಡಬೇಕು. ಸೆಕೆಂಡಿನ ಐವತ್ತನೇ ಒಂದು ಭಾಗಕ್ಕಿಂತ ತಡವಾದರೆ ಮಿದುಳು ಅದನ್ನು ತನ್ನದೆಂದು ಒಪ್ಪುವುದಿಲ್ಲ. ತಿನ್ನಲಿಕ್ಕೆ ಪುಡಿಯಾಗದಂತೆ ತೆಳು ಪೊರೆ ಸವರಿದ, ಒಂದೇ ಬಾಯಿಗೆ ಹಿಡಿಸುವ ಅಕ್ಕಿಯ ಉಂಡೆಗಳು ಉಗ್ರಾಣದಲ್ಲಿ ಸಾಕಷ್ಟಿದ್ದವು. ಬೇಕಿದ್ದದ್ದು ಒಳ್ಳೆಯ ಮಂಡಕ್ಕಿಯ ಸದ್ದು ಮಾತ್ರ.

ಅದಕ್ಕಾಗಿ ದಾವಣಗೆರೆಗೆ ಹೋದೆ. ಅಫ್ರೀನ್‌ಳ ತಂದೆ ದಾದಾಪೀರ್ ಅವರದು ಅಲ್ಲಿ ಮೂರು ತಲೆಮಾರಿನ ಮಂಡಕ್ಕಿ ಭಟ್ಟಿ. ಈಗ ವಿದ್ಯುತ್ತಿನ ಭಟ್ಟಿ. ಹೊಗೆ ಇಲ್ಲ, ಮರಳು ಮಾತ್ರ ಹಳೆಯದು ಎಂದು ಅವರೇ ಹೇಳಿದರು. ಉಪ್ಪುನೀರು ಕಂಡ ಅಕ್ಕಿ ಕಾದ ಮರಳಿಗೆ ಬಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತಿತ್ತು. ದಾದಾಪೀರ್ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಹಿಚುಕಿ, ಚೀಲಕ್ಕೆ ತುಂಬಲು ಸನ್ನೆ ಮಾಡುತ್ತಿದ್ದರು. ನಾನು ತಂದಿದ್ದ ತೇವಮಾಪಕದಲ್ಲಿ ಅವರು ಒಪ್ಪಿದ ಹಿಡಿಗಳೆಲ್ಲ ಶೇಕಡ ಐದರೊಳಗೆ ಬಂದವು. ಮಾಪಕವನ್ನು ತೋರಿಸಿದಾಗ, ಅದಕ್ಕೆ ಬ್ಯಾಟರಿ ಎಷ್ಟು ದಿನ ಬರುತ್ತದೆ ಎಂದು ಕೇಳಿದರು.

ಸಂಜೆ ಐದಕ್ಕೆ ಅವರ ಮನೆಯ ನಡುಮನೆಯಲ್ಲಿ ಪೇಪರ್ ಹಾಸಿ ಖಾರ ಮಂಡಕ್ಕಿಯ ಗುಡ್ಡೆ ಸುರಿದರು. ಶೇಂಗಾ, ಹುರಿಗಡಲೆ, ಹೆಚ್ಚಿದ ಈರುಳ್ಳಿ, ಪಕ್ಕದಲ್ಲಿ ಬಿಸಿ ಮಿರ್ಚಿ ಬಜ್ಜಿ. ತಟ್ಟೆಗಳಿಲ್ಲ. ಸುತ್ತ ಕೂತು ಒಂದೇ ಗುಡ್ಡೆಗೆ ಎಲ್ಲರೂ ಕೈ ಹಾಕುವುದು ಅಲ್ಲಿಯ ಕ್ರಮ. ಅಫ್ರೀನ್ ಊರಿಗೆ ಬಂದಾಗಲೂ ಹೀಗೇ, ಅವಳ ಜಾಗ ಅಪ್ಪನ ಎದುರಿಗೆ ಎಂದು ತಾಯಿ ಶಮೀಮ್ ಬಾನು ತೋರಿಸಿದರು. ಆ ಜಾಗದಲ್ಲಿ ನನ್ನನ್ನು ಕೂರಿಸಿದರು.

ಧ್ವನಿಗ್ರಹಣ ಮಾಡಬೇಕೆಂದಾಗ ದಾದಾಪೀರ್ ಅಲ್ಲೇ ಮಾಡಿಕೊಳ್ಳಿ ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಅಲ್ಲಿ ಟೀ ಲೋಟದ ಸದ್ದು, ಮಾತು, ಬೇರೆಯವರು ಜಗಿಯುವ ಸದ್ದು. ಅವರನ್ನು ಒಳಗಿನ ಕೋಣೆಗೆ ಕರೆದೊಯ್ದು, ಕಿಟಕಿ ಮುಚ್ಚಿ, ಗೋಡೆಗೆ ಹಾಸಿಗೆ ಒರಗಿಸಿ, ದವಡೆಗೆ ಸಂವೇದಕ ಕಟ್ಟಿ, ಮುನ್ನೂರು ಕಡಿತಗಳನ್ನು ದಾಖಲಿಸಿದೆ. ಬಾಗಿಲ ಬಳಿ ನಿಂತಿದ್ದ ಶಮೀಮ್ ಬಾನು ತಡೆಯಲಾರದೆ ಅಂದರು:

"ಮೂವತ್ತೆಂಟು ವರ್ಷ ಈ ಸದ್ದು ಕೇಳಿ ಕೇಳಿ ನನ್ ಕಿವಿ ಸವದೋಯ್ತು. ಈಗ ನೀವು ಇದನ್ನ ಆಕಾಶಕ್ಕೆ ಕಳಿಸ್ತೀರಂತೆ. ಆ ಹುಡುಗಿ ಏನು ಪಾಪ ಮಾಡಿತ್ರಿ ಮೇಡಂ?"

ಧ್ವನಿ ಅತ್ಯಂತ ಶುದ್ಧವಾಗಿ ಬಂದಿತ್ತು. ಮುನ್ನೂರು ಕಡಿತಗಳು ಒಂದರಂತೆ ಒಂದಿಲ್ಲ. ಕಂಪ್ಯೂಟರ್ ಅವನ್ನು ಕಲೆಸಿ, ಅಫ್ರೀನ್ ಎಷ್ಟು ಜೋರಾಗಿ ಕಡಿದಳೋ ಅಷ್ಟಕ್ಕೆ ಹೊಂದಿಸಿ ಕೊಡುವಂತೆ ಮಾಡಿ ಮಾರ್ಚ್ ೨೦ರಂದು ನಿಲ್ದಾಣಕ್ಕೆ ಕಳಿಸಿದೆವು. ಮೊದಲ ವಾರ ಅವಳು ದಿನಕ್ಕೆ ಮುನ್ನೂರು ಕ್ಯಾಲರಿ ಹೆಚ್ಚು ತಿಂದಳು. ೫೩.೪ ಆಯಿತು. ಬೋಪಯ್ಯನವರು ನನಗೆ ಕಾಫಿ ಕುಡಿಸಿದರು. ಎರಡನೇ ವಾರ ಊಟ ಮೊದಲಿಗಿಂತಲೂ ಕುಸಿಯಿತು. ಉಂಡೆಗಳನ್ನು ಬಾಯಿಗಿಟ್ಟು ನಡುವೆಯೇ ಪಟ್ಟಿ ಕಳಚುತ್ತಿದ್ದಳು. ಏಪ್ರಿಲ್ ೨ರಂದು ೫೨.೩. ನಿಯಮದ ಗೆರೆಗೆ ಮುನ್ನೂರು ಗ್ರಾಂ ಉಳಿದಿತ್ತು.

ನಾನು ಸದ್ದನ್ನು ಇನ್ನಷ್ಟು ಶುದ್ಧ ಮಾಡಿದೆ. ಅದೂ ಫಲಿಸಲಿಲ್ಲ. ಕೊನೆಗೆ ಅವಳೊಂದಿಗೆ ನೇರವಾಗಿ ಮಾತಾಡಿದೆ. ಸದ್ದಿನಲ್ಲಿ ಏನು ಕೊರತೆ ಎಂದು ಕೇಳಿದೆ.

"ನಗಬಾರದು ಮೇಡಂ. ಇದು ಅಬ್ಬಾ ಅವರ ದವಡೆ ಅಲ್ವಾ?"

ಹೇಗೆ ತಿಳಿಯಿತು ಎಂದೆ. ನಾನು ಅವಳಿಗೆ ಹೇಳಿರಲಿಲ್ಲ. ಯಾರದೋ ಸ್ವಯಂಸೇವಕರದು ಎಂದು ದಾಖಲೆಯಲ್ಲಿ ಬರೆದಿದ್ದೆ.

"ಅವರಿಗೆ ಬಲಗಡೆ ಎರಡು ಹಲ್ಲಿಲ್ಲ. ಎಡಕ್ಕೆ ನಾಕು ಸಲ ಜಗೀತಾರೆ, ಆಮೇಲೆ ಒಂದ್ ಸಲ ತಡೀತಾರೆ. ಸಣ್ಣೋಳಿದ್ದಾಗಿಂದ ಎದುರಿಗೆ ಕೂತು ಕೇಳಿದೀನಿ. ಮೊದಲ್ನೇ ದಿನ ಚೆನ್ನಾಗಿತ್ತು. ಆದ್ರೆ ಅದು ನನ್ ಬಾಯೊಳಗೆ ಬರ್ತಿದೆ ಮೇಡಂ. ನನ್ ತುತ್ತನ್ನ ಅಬ್ಬಾ ತಿಂದಂಗೆ ಆಗ್ತದೆ. ಅವರನ್ನ ಸ್ವಲ್ಪ ಆಚೆ ಕೂರಿಸ್ರಿ."

ನಾನು ನಗಲಿಲ್ಲ. ಇಪ್ಪತ್ತು ವರ್ಷ ಹಲ್ಲು-ಕಿವಿಗಳ ಅಳತೆ ಮಾಡಿದವಳು ಮಾಡಬಾರದ ತಪ್ಪನ್ನು ಮಾಡಿದ್ದೆ. ಅತ್ಯಂತ ಶುದ್ಧ ಸದ್ದು ಬೇಕೆಂದು ಹೊರಟು, ಅದು ಯಾರ ಸದ್ದು ಎಂದು ಯೋಚಿಸಿರಲಿಲ್ಲ. ಕಡಿತ ಯಾರದಾದರೇನು, ಮಂಡಕ್ಕಿ ಒಂದೇ ಅಲ್ಲವೇ ಎಂದುಕೊಂಡಿದ್ದೆ. ಅವಳ ಮಿದುಳು ಫ್ಯಾನುಗಳ ಗದ್ದಲದ ನಡುವೆ, ನಾನೂರು ಕಿಲೋಮೀಟರ್ ಮೇಲೆ, ಎರಡು ಹಲ್ಲಿನ ಖಾಲಿ ಜಾಗವನ್ನು ಕೇಳಿಸಿಕೊಂಡಿತ್ತು.

ಆ ರೀತಿ ನೋಡಿದಾಗ ಎರಡನೇ ತಪ್ಪೂ ಕಂಡಿತು. ನಮ್ಮ ಸ್ವಂತ ಚಲನೆಯಿಂದ ಏನು ಬರಲಿದೆ ಎಂದು ಮಿದುಳು ಮುಂಚೆಯೇ ಊಹಿಸಿ, ಬಂದದ್ದರಲ್ಲಿ ಅಷ್ಟನ್ನು ಕಳೆಯುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲಾಗದಿರುವುದು ಇದರಿಂದಲೇ. ನಮ್ಮ ಕಡಿತದ ಸದ್ದು ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ಕಾಲಕ್ಕೆ ಹಿನ್ನೆಲೆಗೆ ಸರಿಯುತ್ತದೆ. ಎದುರಿಗೆ ಕೂತವರ ಕಡಿತವನ್ನು ಹಾಗೆ ಕಳೆಯಲಾಗದು. ಅದು ಯಾವಾಗ ಬರುತ್ತದೋ ಗೊತ್ತಿಲ್ಲ. ಜೊತೆಯಲ್ಲಿ ಉಣ್ಣುವವರು ಒಂಟಿಯಾಗಿ ಉಣ್ಣುವವರಿಗಿಂತ ಹೆಚ್ಚು ಉಣ್ಣುತ್ತಾರೆ ಎಂಬುದೂ ಹಳೆಯ ಸಂಗತಿ. ನಿಲ್ದಾಣದಲ್ಲಿ ಅವಳಲ್ಲದೆ ಇನ್ನಿಬ್ಬರಿದ್ದರು, ಆದರೆ ಪಾಳಿಯ ಪ್ರಕಾರ ಮೂವರೂ ಬೇರೆ ಬೇರೆ ಹೊತ್ತಿಗೆ, ಸದ್ದಿಲ್ಲದ ಊಟವನ್ನು ಉಣ್ಣುತ್ತಿದ್ದರು. ದಾವಣಗೆರೆಯ ನಡುಮನೆಯಲ್ಲಿ ನಾನು ಕಸವೆಂದು ಹೊರಗಿಟ್ಟದ್ದೇ ಊಟದ ಮುಕ್ಕಾಲು ಭಾಗ.

ಸರಿಪಡಿಸಲು ಎರಡು ದಿನ ಸಾಕಾಯಿತು. ಹೊರಡುವ ಮುನ್ನ ತೆಗೆದ ಅಫ್ರೀನ್‌ಳ ಹಲ್ಲು-ದವಡೆಗಳ ಚಿತ್ರ ನಮ್ಮಲ್ಲಿತ್ತು. ಅದರ ಮೂಲಕ ಲೆಕ್ಕ ಹಾಕಿ ಅವಳ ಬಾಯೊಳಗಿನ ಸದ್ದನ್ನು ಅವಳದೇ ಮಾಡಿದೆವು, ಮೆಲ್ಲಗೆ. ತಂದೆಯ ಸದ್ದನ್ನು ಒಂದು ಮೀಟರ್ ಆಚೆ, ಎದುರಿಗೆ, ನೆಲದ ಮಟ್ಟದಲ್ಲಿ ಕೇಳಿಸುವಂತೆ ಇಟ್ಟೆವು. ನಿಲ್ದಾಣದಲ್ಲಿ ನೆಲವೆಂಬುದಿಲ್ಲ, ಆದರೂ ಅವಳ ಕಿವಿಗೆ ಇರಲಿ ಎಂದು. ಮತ್ತು ದಾಖಲೆಯ ಸದ್ದು ಬೇಡ, ನೇರ ಪ್ರಸಾರವೇ ಇರಲಿ ಎಂದು ಬೋಪಯ್ಯ ಹೇಳಿದರು. ಉಪಗ್ರಹಗಳ ಮೂಲಕ ಹೋಗಿ ತಲುಪಲು ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ತನ್ನ ಕಡಿತ ಸೆಕೆಂಡಿನ ಐವತ್ತನೇ ಭಾಗ ತಡವಾದರೂ ಸಹಿಸದ ಅದೇ ಮಿದುಳು, ಇನ್ನೊಬ್ಬರದು ಅರ್ಧ ಸೆಕೆಂಡು ತಡವಾದರೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಷ್ಟು ಕಟ್ಟುನಿಟ್ಟು ಮತ್ತು ಇಷ್ಟು ಔದಾರ್ಯ ಒಟ್ಟಿಗೆ ಇರುವುದು ನನಗೆ ಯಾವ ಯಂತ್ರದಲ್ಲೂ ಸಿಕ್ಕಿಲ್ಲ.

ಒಂದು ಅಡ್ಡಿ ಬಂತು. ದಾದಾಪೀರ್ ಅವರಿಗೆ ಏಪ್ರಿಲ್ ೮ರಂದು ಬಲಗಡೆಯ ಎರಡು ಹಲ್ಲು ಕಟ್ಟಿಸುವುದೆಂದು ನಿಗದಿಯಾಗಿತ್ತು. ಆರು ತಿಂಗಳು ಬೆನ್ನುಬಿದ್ದು ಶಮೀಮ್ ಬಾನು ಅವರನ್ನು ಒಪ್ಪಿಸಿದ್ದರು. ಬೋಪಯ್ಯ ಕಚೇರಿಯ ಮೊಹರಿನೊಂದಿಗೆ ಪತ್ರ ಕಳಿಸಿದರು: ಮುಂದಿನ ಸೂಚನೆಯವರೆಗೆ ಸದರಿಯವರ ಬಾಯಿಯಲ್ಲಿ ಯಾವುದೇ ಬದಲಾವಣೆ ಮಾಡತಕ್ಕದ್ದಲ್ಲ. ದಾದಾಪೀರ್ ಅದನ್ನು ಭಟ್ಟಿಯ ಗೋಡೆಗೆ ಅಂಟಿಸಿದ್ದಾರೆಂದು ಅವರ ಹೆಂಡತಿ ನನಗೆ ದೂರಿದರು.

ಏಪ್ರಿಲ್ ೬ರಂದು ಸಂವೇದಕಗಳನ್ನು ಕಟ್ಟಿ, ನಡುಮನೆಯ ಸದ್ದಿಗೆ ಒಂದು ಮೈಕ್ ಇಡಲು ನಾನೇ ಹೋದೆ. ನಿಲ್ದಾಣದಲ್ಲಿ ಅವಳ ಊಟದ ಹೊತ್ತನ್ನು ಸಂಜೆ ಐದೂ ಹತ್ತಕ್ಕೆ ಬದಲಿಸಿದ್ದರು. ಪೇಪರ್ ಹಾಸಿ, ಗುಡ್ಡೆ ಸುರಿದು, ದವಡೆಗೆ ಪಟ್ಟಿ ಕಟ್ಟಿಸಿಕೊಂಡು ಕೂತ ದಾದಾಪೀರ್ ತುಂಬ ಹೊತ್ತು ಕೈ ಹಾಕಲಿಲ್ಲ. ಎದುರಿನ ಮಗಳ ಜಾಗವನ್ನು ಆ ದಿನ ಖಾಲಿ ಬಿಟ್ಟಿದ್ದರು. ನಾನು ಗೋಡೆಗೆ ಒರಗಿದ್ದೆ.

"ಒಂದ್ ಮಾತು ಮೇಡಂ," ಎಂದರು ಮೆಲ್ಲಗೆ. "ನಾನು ತಿನ್ನದಿದ್ರೆ ಅವಳು ಇಳಿದು ಬಂದ್ಬಿಡ್ತಾಳೆ ಅಲ್ವಾ? ತಿಂಗಳ ಕೊನೇಗೆ ಮನೇಲಿರ್ತಾಳೆ."

ಹೌದು ಎಂದೆ. ಅವರಿಗೆ ಸುಳ್ಳು ಹೇಳುವುದು ಸಾಧ್ಯವಿರಲಿಲ್ಲ.

"ಬರ್ಲಿ ಅಂತ ಅನ್ಸುತ್ರಿ. ಆದ್ರೆ ಹಸಕೊಂಡು ಬರೋದು ಬ್ಯಾಡ. ಕೆಲಸ ಮುಗಿಸ್ಕೊಂಡು ಬರ್ಲಿ."

ಒಂದು ಹಿಡಿ ತೆಗೆದರು. ಅಭ್ಯಾಸಬಲದಿಂದ ಕಿವಿಯ ಬಳಿ ಹಿಚುಕಿದರು, ತಲೆಯಾಡಿಸಿದರು, ಬಾಯಿಗೆ ಹಾಕಿಕೊಂಡರು. ಎಡಕ್ಕೆ ನಾಲ್ಕು ಸಲ. ಒಂದು ತಡೆ. ನನ್ನ ಮಡಿಲಿನ ಪರದೆಯ ಮೇಲೆ ಎರಡು ಗೆರೆಗಳು ಓಡುತ್ತಿದ್ದವು, ಮೇಲಿನದು ಅವರದು, ಕೆಳಗಿನದು ಮಗಳದು. ಮೇಲಿನ ಗೆರೆ ಒಂದೇ ಕುಣಿಯುತ್ತಿತ್ತು. ನಾಲ್ಕು, ತಡೆ. ನಾಲ್ಕು, ತಡೆ. ಆಮೇಲೆ ಆ ತಡೆಯೊಳಗೆ ಕೆಳಗಿನ ಗೆರೆ ಒಮ್ಮೆ ಎದ್ದಿತು. ಮತ್ತೊಮ್ಮೆ. ಸ್ವಲ್ಪ ಹೊತ್ತಿಗೆ ಅವರು ನಿಂತಾಗ ಅವಳು, ಅವಳು ನಿಂತಾಗ ಅವರು, ನಡುನಡುವೆ ಇಬ್ಬರೂ ಕೂಡಿ. ಇಬ್ಬರೂ ಮಾತಾಡಲಿಲ್ಲ. ಹತ್ತೊಂಬತ್ತು ನಿಮಿಷ ಹಾಗೇ ನಡೆಯಿತು.

ಕೊನೆಯಲ್ಲಿ ಸ್ಪೀಕರಿನಲ್ಲಿ ಅಫ್ರೀನ್‌ಳ ದನಿ ಬಂತು. "ಅಬ್ಬಾ, ಪಕ್ಕದಲ್ಲಿ ಯಾರೋ ಕದ್ದು ತಿಂತಿದಾರೆ. ಅಮ್ಮಿನಾ?"

ಬಾಗಿಲಲ್ಲಿ ನಿಂತು ಸೆರಗಿನ ಮರೆಯಲ್ಲಿ ಶೇಂಗಾ ಜಗಿಯುತ್ತಿದ್ದ ಶಮೀಮ್ ಬಾನು ಬಾಯಿ ಮುಚ್ಚಿಕೊಂಡರು. ಮರುದಿನದಿಂದ ಅವರೂ ಪೇಪರಿನ ಪಕ್ಕ ಕೂತರೆಂದು ದಾಖಲೆಯ ಸದ್ದು ಹೇಳುತ್ತದೆ.

ಇದರಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಎಂದು ನಾನು ಬೇರ್ಪಡಿಸಿ ಹೇಳಲಾರೆ. ಅವಳ ಬಾಯಿಗೆ ಅವಳದೇ ಸದ್ದು ಮರಳಿದ್ದೋ, ಎದುರಿನ ಸದ್ದೋ, ಐದೂ ಹತ್ತು ಯಾವಾಗ ಆಗುತ್ತದೆ ಎಂಬ ನಿರೀಕ್ಷೆಯೋ. ಒಬ್ಬಳೇ ವ್ಯಕ್ತಿಯ ಮೇಲೆ ಮೂರನ್ನೂ ಒಟ್ಟಿಗೆ ಬದಲಿಸಿದ ಪ್ರಯೋಗಕ್ಕೆ ವಿಜ್ಞಾನದಲ್ಲಿ ಒಳ್ಳೆಯ ಹೆಸರಿಲ್ಲ. ವರದಿಯಲ್ಲಿ ಹಾಗೆಯೇ ಬರೆದಿದ್ದೇನೆ. ಉಂಡೆಗಳ ಲೆಕ್ಕ ಮಾತ್ರ ಸ್ಪಷ್ಟವಾಗಿತ್ತು: ಏಪ್ರಿಲ್ ೫ರಂದು ಸಂಜೆ ಅವಳು ತಿಂದದ್ದು ಆರು, ೬ರಂದು ಹದಿನೇಳು, ೧೪ರಂದು ಇಪ್ಪತ್ತೆರಡು. ಬೆಳಗಿನ ಊಟವೂ ತಾನಾಗಿ ಏರಿತು, ಅದಕ್ಕೆ ನಾವು ಏನೂ ಮಾಡಿರಲಿಲ್ಲ. ಉಳಿದಿಬ್ಬರು ಯಾತ್ರಿಗಳು ತಮ್ಮ ಪಾಳಿ ಬದಲಿಸಿ ಐದೂ ಹತ್ತಕ್ಕೇ ಬಂದು ಕೂರತೊಡಗಿದರು. ಅವರಿಗೆ ಪಟ್ಟಿಯ ಸದ್ದು ಕೇಳಿಸುತ್ತಿರಲಿಲ್ಲ. ಅವಳು ತಿನ್ನುವುದನ್ನು ನೋಡುತ್ತ ತಿನ್ನುತ್ತಿದ್ದರು.

ಏಪ್ರಿಲ್ ೨೫, ಗುರುವಾರ, ಬೆಳಿಗ್ಗೆ ೧೧ ಗಂಟೆ ೨೦ ನಿಮಿಷಕ್ಕೆ ಅಫ್ರೀನ್ ಮತ್ತೆ ಸ್ಪ್ರಿಂಗ್ ಕುರ್ಚಿಯನ್ನು ತಬ್ಬಿಕೊಂಡಳು. ದಾವಣಗೆರೆಯಿಂದ ದಾದಾಪೀರ್ ಫೋನಿನಲ್ಲಿದ್ದರು. ಅಂಕಿ ಬರುವವರೆಗೆ ಮಾತಾಡಬಾರದೆಂದು ಬೋಪಯ್ಯ ಹೇಳಿದ್ದರಿಂದ ಅವರ ಉಸಿರು ಮಾತ್ರ ಕೇಳುತ್ತಿತ್ತು. ಕುರ್ಚಿ ತೂಗಿತು. ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವಂತಿರಲಿಲ್ಲ, ಆದರೂ ನನಗೆ ಅದು ಸ್ವಲ್ಪ ನಿಧಾನವಾಗಿ ತೂಗಿದಂತೆ ಕಂಡಿತು. ಮೊದಲ ಸಲ ೫೩.೨. ಎರಡನೇ ಸಲ ೫೩.೪. ಮೂರನೇ ಸಲ ೫೩.೩.

ಸರಾಸರಿ ೫೩.೩ ಕಿಲೋಗ್ರಾಂ.